ಪಗಾರ ಚೀಟಿಯ 'ಡೊನೇಶನ್' ಸಾಲು: ಆ ನೂರು ರೂಪಾಯಿ ಯಾರದು, ಎಲ್ಲಿಗೆ ಹೋಗುತ್ತದೆ?

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ ಇರಲಿ, ಬಾಗಲಕೋಟೆ ಜಿಲ್ಲೆಯ ಸಿಮೆಂಟ್ ಕಾರ್ಖಾನೆ ಇರಲಿ, ವಿಜಯಪುರದ ಖಾಸಗಿ ಬ್ಯಾಂಕಿನ ಶಾಖೆ ಇರಲಿ, ಕೆಲಸಕ್ಕೆ ಸೇರಿದ ಮೊದಲ ದಿನ ಕಾಗದಗಳ ಒಂದು ಕಟ್ಟು ಕೈಗೆ ಬರುತ್ತದೆ. ಪಿಎಫ್ ನಾಮಿನಿ ಫಾರ್ಮ್, ಇಎಸ್‌ಐ ಫಾರ್ಮ್, ಬ್ಯಾಂಕ್ ಖಾತೆಯ ವಿವರ. ಅವುಗಳ ನಡುವೆ ಕೆಲವು ಕಂಪನಿಗಳಲ್ಲಿ ಇನ್ನೊಂದು ಹಾಳೆ ಇರುತ್ತದೆ. ಪ್ರತಿ ತಿಂಗಳು ನನ್ನ ವೇತನದಿಂದ ಇಷ್ಟು ರೂಪಾಯಿ ಸಮಾಜಸೇವೆಗೆ ಹಿಡಿದುಕೊಳ್ಳಲು ಒಪ್ಪಿಗೆ ಇದೆ ಅಂತ ಅದರಲ್ಲಿ ಅಚ್ಚಾಗಿರುತ್ತದೆ. ಒಂದರ ಹಿಂದೊಂದು ಸಹಿ ಹಾಕುವ ಭರದಲ್ಲಿ ಅದಕ್ಕೂ ಒಂದು ಸಹಿ ಬೀಳುತ್ತದೆ. ತಿಂಗಳ ಕೊನೆಗೆ ಪಗಾರ ಚೀಟಿ ನೋಡಿದರೆ ಪಿಎಫ್, ಪ್ರೊಫೆಷನಲ್ ಟ್ಯಾಕ್ಸ್ ₹200, ಸೊಸೈಟಿ ಕಂತು, ಅದರ ಕೆಳಗೆ 'ಡೊನೇಶನ್ ₹100'.

ಮೊದಲು ಯಾರೂ ಅದನ್ನು ಮಾತಾಡುವುದಿಲ್ಲ. ಕಂಪನಿಯವರು ಪಕ್ಕದ ಊರಿನ ಶಾಲೆಗೆ ಬೆಂಚು ಕೊಟ್ಟ ಫೋಟೊ ಪೇಪರಿನಲ್ಲಿ ಬಂದ ದಿನ ಕ್ಯಾಂಟೀನಿನಲ್ಲಿ ಮಾತು ಹುಟ್ಟುತ್ತದೆ. ಆ ಬೆಂಚು ಕಂಪನಿ ಕೊಟ್ಟದ್ದೋ, ನಮ್ಮ ರೊಕ್ಕದ್ದೋ? ಉತ್ತರ ಹೇಳಲು ಬಹಳ ಸಲ ಎಚ್‌ಆರ್ ವಿಭಾಗದವರೂ ತಡವರಿಸುತ್ತಾರೆ. ಎರಡು ಬೇರೆ ಬೇರೆ ಲೆಕ್ಕಗಳು ಒಂದೇ ಬ್ಯಾನರಿನ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುವುದೇ ಇದಕ್ಕೆ ಕಾರಣ. ಆ ಲೆಕ್ಕಗಳನ್ನು ಬಿಡಿಸಿ ನೋಡೋಣ.

ಪಗಾರದಿಂದ ದೇಣಿಗೆ ಅಂದರೆ

ನೌಕರ ಒಪ್ಪಿಗೆ ಕೊಟ್ಟ ಮೊತ್ತವನ್ನು ಕಂಪನಿ ಪ್ರತಿ ತಿಂಗಳು ಪಗಾರದಲ್ಲಿ ಹಿಡಿದು, ಎಲ್ಲರದನ್ನೂ ಒಟ್ಟು ಮಾಡಿ, ಒಂದು ಸೇವಾ ಸಂಸ್ಥೆಗೆ ಅಥವಾ ಟ್ರಸ್ಟಿಗೆ ಕಳಿಸುತ್ತದೆ. ಇಷ್ಟೇ ವಿಷಯ. ಕಂಪನಿ ಇಲ್ಲಿ ರೊಕ್ಕ ಸಾಗಿಸುವ ಕೈ ಮಾತ್ರ, ದಾನಿ ನೀವು.

ಊರಿನ ಜಾತ್ರೆಗೆ ಪಟ್ಟಿ ಎತ್ತುವುದು ನಮಗೆಲ್ಲ ಗೊತ್ತಿದ್ದದ್ದೇ. ನಾಲ್ಕು ಮಂದಿ ಹಿರಿಯರು ವಹಿ ಹಿಡಿದು ಮನೆಮನೆಗೆ ಬರುತ್ತಾರೆ, ಹೆಸರಿನ ಮುಂದೆ ಮೊತ್ತ ಬರೆಸುತ್ತಾರೆ, ಜಾತ್ರೆ ಮುಗಿದ ಮೇಲೆ ಗುಡಿಯ ಕಟ್ಟೆಗೆ ಕೂತು ಜಮಾ-ಖರ್ಚು ಓದುತ್ತಾರೆ. ಪಗಾರದ ದೇಣಿಗೆಯೂ ಒಂದು ಪಟ್ಟಿಯೇ. ಆದರೆ ಇದು ವರ್ಷಕ್ಕೊಮ್ಮೆ ಬರುವುದಲ್ಲ, ತಿಂಗಳಿಗೊಮ್ಮೆ. ವಹಿ ಹಿಡಿದು ಯಾರೂ ಬಾಗಿಲಿಗೆ ಬರುವುದಿಲ್ಲ, ಕಂಪ್ಯೂಟರ್ ತಾನೇ ಹಿಡಿದುಕೊಳ್ಳುತ್ತದೆ. ಜಮಾ-ಖರ್ಚು ಓದುವ ಕಟ್ಟೆ ಮಾತ್ರ ಇಲ್ಲಿ ತಾನಾಗಿ ಇರುವುದಿಲ್ಲ. ಲೆಕ್ಕವನ್ನು ಕೇಳಿಯೇ ಪಡೆಯಬೇಕು.

ಇದು ಹೊಸ ಪದ್ಧತಿಯೇನೂ ಅಲ್ಲ. ನೌಕರರು ಕೊಟ್ಟಷ್ಟು ಕಂಪನಿಯೂ ಸೇರಿಸುವ ಕ್ರಮವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1954ರಲ್ಲಿಯೇ ತಂದಿತ್ತು. ಬ್ರಿಟನ್ನಿನಲ್ಲಿ 1987ರಿಂದ ಪಗಾರದ ದೇಣಿಗೆಗೆ ಸರ್ಕಾರದ್ದೇ ಒಂದು ವ್ಯವಸ್ಥೆ ಇದೆ. ಅಲ್ಲಿ ದೇಣಿಗೆ ಕಳೆದು ಉಳಿದ ಪಗಾರಕ್ಕೆ ಮಾತ್ರ ಆದಾಯ ತೆರಿಗೆ ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ವಿಪ್ರೊ ಕಂಪನಿಯ 'ವಿಪ್ರೊ ಕೇರ್ಸ್' ಟ್ರಸ್ಟ್ ನೌಕರರ ವಂತಿಗೆಗೆ ಕಂಪನಿಯ ವಂತಿಗೆ ಕೂಡಿಸಿ ನಡೆಯುವಂಥದ್ದು.

ಇನ್ನು ಸಂಬಳದವರು, ದುಡಿಯುವವರು ಸೇರಿ ಊರಿಗೆ ಏನಾದರೂ ಕಟ್ಟುವ ಪರಿಪಾಠ ಈ ಭಾಗಕ್ಕೆ ಯಾರೂ ಹೊರಗಿನಿಂದ ತಂದು ಕಲಿಸಬೇಕಾಗಿಲ್ಲ. ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು 1910ರಲ್ಲಿ ಆಗಿನ ಬಿಜಾಪುರದಲ್ಲಿ ಬಿಎಲ್‌ಡಿಇ ಸಂಸ್ಥೆಗೆ ಅಡಿಪಾಯ ಹಾಕಿದರು. ಬೆಳಗಾವಿಯ ಕೆಎಲ್‌ಇ ಸಂಸ್ಥೆಯನ್ನು 1916ರಲ್ಲಿ ಆರಂಭಿಸಿದವರು ಏಳು ಮಂದಿ ಶಿಕ್ಷಕರು. ಅವರನ್ನು ಇಂದಿಗೂ ಇಲ್ಲಿ ಸಪ್ತರ್ಷಿಗಳು ಅನ್ನುತ್ತಾರೆ. ಹೊಸದೇನಿದ್ದರೂ ಆ ಫಾರ್ಮು, ಆ ಕಡಿತ, ಆ ತೆರಿಗೆ ರಸೀದಿ.

ಸಿಎಸ್‌ಆರ್ ಬೇರೆ, ಇದು ಬೇರೆ

ಗೊಂದಲ ಹೆಚ್ಚು ಇರುವುದು ಇಲ್ಲಿ. ಸಿಎಸ್‌ಆರ್ ಅಂದರೆ ಕಾನೂನಿನ ಪ್ರಕಾರ ಕಂಪನಿ ತನ್ನ ಲಾಭದಿಂದ ಸಮಾಜಕ್ಕೆ ಖರ್ಚು ಮಾಡಲೇಬೇಕಾದ ಹಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಇದನ್ನು ಹೇಳುತ್ತದೆ, 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ ಕಂಪನಿಯ ನಿವ್ವಳ ಮೌಲ್ಯ ₹500 ಕೋಟಿ, ಅಥವಾ ವಹಿವಾಟು ₹1,000 ಕೋಟಿ, ಅಥವಾ ನಿವ್ವಳ ಲಾಭ ₹5 ಕೋಟಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ್ದರೂ ಸಾಕು, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ತೆಗೆದಿಡಬೇಕು. ಯಾವ ಕೆಲಸಗಳಿಗೆ ಖರ್ಚು ಮಾಡಬಹುದು ಎಂಬುದು ಕಾಯ್ದೆಯ 7ನೇ ಅನುಸೂಚಿಯಲ್ಲಿದೆ: ಶಿಕ್ಷಣ, ಆರೋಗ್ಯ, ಕುಡಿಯುವ ನೀರು, ಪರಿಸರ, ಪರಂಪರೆಯ ರಕ್ಷಣೆ ಹೀಗೆ.

ಸಿಎಸ್‌ಆರ್ ಕಂಪನಿಯ ಕರ್ತವ್ಯ. ಪಗಾರದ ದೇಣಿಗೆ ನೌಕರನ ಇಚ್ಛೆ. ನೌಕರರಿಂದ ಕೂಡಿಸಿದ ರೊಕ್ಕವನ್ನು ತನ್ನ ಶೇ 2ರ ಲೆಕ್ಕದಲ್ಲಿ ತೋರಿಸಲು ಕಂಪನಿಗೆ ಬರುವುದಿಲ್ಲ. ರವಿವಾರ ನೌಕರರು ಹೋಗಿ ಕೆರೆಯ ಹೂಳು ಎತ್ತಿದರು ಅನ್ನಿ, ಆ ಗಂಟೆಗಳಿಗೆ ಬೆಲೆ ಕಟ್ಟಿ ಸಿಎಸ್‌ಆರ್ ಖರ್ಚು ಎಂದು ಬರೆಯುವ ಹಾಗೂ ಇಲ್ಲ. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ ಇದನ್ನು ಸ್ಪಷ್ಟಪಡಿಸಿದೆ. ಇನ್ನೊಂದು ಕಡೆಯಿಂದ ನೋಡಿದರೆ, ಕಂಪನಿಯ ನೌಕರರಿಗೇ ಅನುಕೂಲವಾಗುವ ಕೆಲಸವೂ ಸಿಎಸ್‌ಆರ್ ಅನ್ನಿಸಿಕೊಳ್ಳುವುದಿಲ್ಲ.

ಆದ್ದರಿಂದ ಕ್ಯಾಂಟೀನಿನ ಪ್ರಶ್ನೆಗೆ ಉತ್ತರ ವಾರ್ಷಿಕ ವರದಿಯಲ್ಲಿ ಹುಡುಕಬಹುದು. ಸಿಎಸ್‌ಆರ್ ಅನ್ವಯವಾಗುವ ಕಂಪನಿ ತನ್ನ ವಾರ್ಷಿಕ ವರದಿಯೊಂದಿಗೆ ಸಿಎಸ್‌ಆರ್ ವರದಿ ಸೇರಿಸಬೇಕು, ವೆಬ್‌ಸೈಟ್ ಇದ್ದರೆ ಅಲ್ಲಿ ಯೋಜನೆಗಳನ್ನು ಹಾಕಬೇಕು. ಬೆಂಚು ಆ ವರದಿಯಲ್ಲಿದ್ದರೆ ಕಂಪನಿಯ ರೊಕ್ಕ. ಇಲ್ಲದಿದ್ದರೆ ನೌಕರರ ನಿಧಿಯ ಲೆಕ್ಕ ಕೇಳಬೇಕಾಗುತ್ತದೆ.

'ನೀವು ನೂರು, ನಾವು ನೂರು'

ನೌಕರ ಕೊಟ್ಟಷ್ಟನ್ನು ಕಂಪನಿಯೂ ಸೇರಿಸುವುದಕ್ಕೆ ಮ್ಯಾಚಿಂಗ್ ಅನ್ನುತ್ತಾರೆ. ಉದಾಹರಣೆಗೆ ಒಂದು ಫೌಂಡ್ರಿ, ಅದರಲ್ಲಿ 300 ಕಾಯಂ ನೌಕರರು ಅಂದುಕೊಳ್ಳಿ. ಅವರಲ್ಲಿ 180 ಮಂದಿ ತಿಂಗಳಿಗೆ ₹100 ಒಪ್ಪಿಕೊಂಡರು. ತಿಂಗಳಿಗೆ ₹18,000, ವರ್ಷಕ್ಕೆ ₹2,16,000. ಕಂಪನಿ ಅಷ್ಟೇ ಸೇರಿಸಿದರೆ ₹4,32,000. ಕೆಲವು ಕಡೆ ಇದಕ್ಕೆ ಮಿತಿ ಇರುತ್ತದೆ, ತಲಾ ಇಷ್ಟು ರೂಪಾಯಿವರೆಗೆ ಮಾತ್ರ ಅಂತ. ಕೆಲವರು ಅರ್ಧ ಸೇರಿಸುತ್ತಾರೆ. ಹಲವರು ಏನೂ ಸೇರಿಸುವುದಿಲ್ಲ, ಅದೂ ಸರಿಯೇ. ಸೇರಿಸಬೇಕೆಂಬ ಕಾನೂನಿಲ್ಲ.

ಇಲ್ಲಿ ಕೇಳಬೇಕಾದ ಮಾತೊಂದಿದೆ, ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಕಂಪನಿ ಸೇರಿಸುವ ₹2,16,000 ಹೇಗಿದ್ದರೂ ಖರ್ಚು ಮಾಡಬೇಕಿದ್ದ ಶೇ 2ರೊಳಗಿನದೋ, ಅದರ ಮೇಲಿನದೋ? ಕೆಲಸ 7ನೇ ಅನುಸೂಚಿಗೆ ಹೊಂದಿಕೊಂಡು, ಸಿಎಸ್‌ಆರ್ ನಿಯಮಗಳ ಪ್ರಕಾರ ನಡೆದರೆ ಕಂಪನಿ ತನ್ನ ಪಾಲನ್ನು ಸಿಎಸ್‌ಆರ್‌ನಲ್ಲಿ ತೋರಿಸಬಹುದು. ತಪ್ಪೇನಿಲ್ಲ. ಆದರೆ ಹಾಗಿದ್ದಾಗ ನಿಮ್ಮ ನೂರರಿಂದ ಊರಿಗೆ ಹೊಸದಾಗಿ ಇನ್ನೊಂದು ನೂರು ಬಂತು ಎಂದು ಹೇಳಲಾಗದು. ಆ ಇನ್ನೊಂದು ನೂರು ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ನಿಮ್ಮ ಮಾತು ನಡೆಯಿತು, ಅಷ್ಟೇ. ಹಾಗೆ ನೋಡಿದರೆ ಅದೂ ಸಣ್ಣದಲ್ಲ.

ನೂರು ರೂಪಾಯಿಯಿಂದ ಏನಾಗುತ್ತದೆ

ಒಬ್ಬರ ನೂರಕ್ಕೆ ಹೆಚ್ಚೇನೂ ಆಗುವುದಿಲ್ಲ. ಆದರೆ ಪ್ರತಿ ತಿಂಗಳು ತಪ್ಪದೆ ಬರುವ ₹18,000ಕ್ಕೆ ಒಮ್ಮೆಲೇ ಬರುವ ಎರಡು ಲಕ್ಷಕ್ಕಿಲ್ಲದ ಒಂದು ಗುಣ ಇದೆ.

2019ರ ಆಗಸ್ಟ್ ನೆನಪಿಸಿಕೊಳ್ಳಿ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳನ್ನು ಮುಳುಗಿಸಿದಾಗ ರಾಜ್ಯದ ಎಲ್ಲ ಕಡೆಯಿಂದ ಬಟ್ಟೆ, ಬಿಸ್ಕೀಟು, ನೀರಿನ ಬಾಟಲಿ ಲಾರಿಗಟ್ಟಲೆ ಬಂದವು. ಕೊಟ್ಟವರ ಮನಸ್ಸು ದೊಡ್ಡದು. ಆದರೆ ನೆರೆ ಇಳಿದ ಮೇಲಿನ ತಿಂಗಳುಗಳಲ್ಲಿ ಬೇಕಾಗುವುದು ಬೇರೆ: ತೊಯ್ದು ಹೋದ ಪಠ್ಯಪುಸ್ತಕ, ಶಾಲೆಗೆ ಹೋಗಲು ಬಸ್ ಪಾಸು, ಬಾಣಂತಿಗೆ ಆಸ್ಪತ್ರೆಯ ಓಡಾಟ. ಅಷ್ಟು ಹೊತ್ತಿಗೆ ಲಾರಿಗಳು ನಿಂತಿರುತ್ತವೆ.

ಸಂಸ್ಥೆಗಳ ಖರ್ಚು ಬಹುತೇಕ ತಿಂಗಳದ್ದು. ಸರ್ಕಾರಿ ಶಾಲೆಗೆ ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಸಮಿತಿಯವರು, ತಾವೇ ಒಬ್ಬ ಹೆಚ್ಚುವರಿ ಟೀಚರನ್ನು ಇಟ್ಟುಕೊಂಡರೆ ಅವರಿಗೆ ಗೌರವಧನ ಪ್ರತಿ ತಿಂಗಳು ಬೇಕು. ಜೂನ್‌ನಲ್ಲಿ ಯಾರೋ ಕೊಟ್ಟ ದೊಡ್ಡ ದೇಣಿಗೆ ನವೆಂಬರಿಗೆ ಮುಗಿದರೆ ಪರೀಕ್ಷೆಯ ಹೊತ್ತಿಗೆ ಟೀಚರ್ ಇರುವುದಿಲ್ಲ. ಇಂಡಿ, ಸಿಂದಗಿ ಕಡೆಯ ತಾಂಡಾಗಳಿಂದ ತಂದೆ-ತಾಯಿ ಗೋವಾಕ್ಕೋ, ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೋ ಗುಳೆ ಹೋದಾಗ ಮಕ್ಕಳನ್ನು ಊರಲ್ಲೇ ಉಳಿಸಿಕೊಂಡು ಓದಿಸುವುದಕ್ಕೂ ಇದೇ ಮಾತು. ಅಡುಗೆಯವಳ ಪಗಾರ, ಗ್ಯಾಸ್ ಸಿಲಿಂಡರ್, ಜೋಳದ ಹಿಟ್ಟು ಇವೆಲ್ಲ ತಿಂಗಳ ಲೆಕ್ಕದವು. ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಗೋಡೆಯ ಮೇಲೆ ಹೆಸರು ಕೆತ್ತಿಸಬಹುದಲ್ಲ! ಗ್ಯಾಸ್ ಸಿಲಿಂಡರಿನ ಮೇಲೆ ಹೆಸರು ಕೆತ್ತಿಸಲು ಬರುವುದಿಲ್ಲ. ಪಗಾರದ ದೇಣಿಗೆ ಕೆಲಸಕ್ಕೆ ಬರುವುದೇ ಇಂಥ ಹೆಸರಿಲ್ಲದ ಖರ್ಚಿಗೆ.

ರೊಕ್ಕ ಹೋಗುವ ದಾರಿ

ದಾರಿ ಸಾಮಾನ್ಯವಾಗಿ ಮೂರು ಥರ. ಕಂಪನಿ ನೇರವಾಗಿ ಒಂದು ಸ್ಥಳೀಯ ಸಂಸ್ಥೆಗೆ ಕಳಿಸಬಹುದು. ಕಂಪನಿಯದೇ ಫೌಂಡೇಶನ್ ಅಥವಾ ಟ್ರಸ್ಟ್ ಇದ್ದರೆ ಅಲ್ಲಿಗೆ ಹೋಗಿ, ಅಲ್ಲಿಂದ ಕೆಲಸಗಳಿಗೆ ಹಂಚಿಕೆಯಾಗಬಹುದು. ಇಲ್ಲವೇ ನಡುವೆ ಆನ್‌ಲೈನ್ ದೇಣಿಗೆ ವೇದಿಕೆಯೊಂದು ಇದ್ದು, ನೌಕರ ತನಗೆ ಬೇಕಾದ ಸಂಸ್ಥೆಯನ್ನು ಆರಿಸಿಕೊಳ್ಳಬಹುದು. ಮೂರನೆಯದರಲ್ಲಿ ಆಯ್ಕೆ ಹೆಚ್ಚು. ಆದರೆ ವೇದಿಕೆಯವರು ತಮ್ಮ ಖರ್ಚಿಗೆ ಒಂದಿಷ್ಟು ಹಿಡಿದುಕೊಳ್ಳುತ್ತಾರೋ ಎಂದು ನೋಡಿಕೊಳ್ಳಬೇಕು. ಅಂಥ ವೇದಿಕೆಗಳಲ್ಲಿ ದೊಡ್ಡ ಊರಿನ ದೊಡ್ಡ ಸಂಸ್ಥೆಗಳು ಎದ್ದು ಕಾಣುತ್ತವೆ. ಹುನಗುಂದದ ಒಂದು ಸಣ್ಣ ವಾಚನಾಲಯವೋ ಚಿಕ್ಕೋಡಿಯ ಅಂಗವಿಕಲರ ಸಂಘವೋ ಅಲ್ಲಿ ಸಿಗುವುದು ಕಡಿಮೆ.

ರಸೀದಿಯ ಗಂಟು ಇರುವುದೂ ಇಲ್ಲಿಯೇ. ಕಂಪನಿ 180 ಮಂದಿಯ ರೊಕ್ಕ ಕೂಡಿಸಿ ಒಂದೇ ಚೆಕ್ ಬರೆದು, ಜೊತೆಗೆ ಹೆಸರು-ಪ್ಯಾನ್-ಮೊತ್ತ ಇರುವ ಯಾದಿ ಕಳಿಸದಿದ್ದರೆ ಸಂಸ್ಥೆಯ ವಹಿಯಲ್ಲಿ ದಾನಿ ಎಂದು ಕಂಪನಿಯ ಹೆಸರೇ ಬೀಳುತ್ತದೆ. ನಿಮ್ಮ ಹೆಸರಿನಲ್ಲಿ ತೆರಿಗೆ ಪ್ರಮಾಣಪತ್ರ ಬರುವುದಿಲ್ಲ. ಯಾರದೂ ದುರುದ್ದೇಶ ಇರಬೇಕಾಗಿಲ್ಲ, ಯಾದಿ ಲಗತ್ತಿಸಲು ಮರೆತರೂ ಸಾಕು.

'ಸ್ಥಳೀಯ' ಅಂದರೆ ಎಷ್ಟು ದೂರ

ಸಿಎಸ್‌ಆರ್ ವಿಷಯದಲ್ಲಿ ಕಾಯ್ದೆಯೇ ಹೇಳುತ್ತದೆ: ಕಂಪನಿ ಎಲ್ಲಿ ಕೆಲಸ ಮಾಡುತ್ತದೋ ಆ ಪ್ರದೇಶಕ್ಕೆ, ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಆದ್ಯತೆ ಮಾತ್ರ, ಅಲ್ಲಿಯೇ ಖರ್ಚು ಮಾಡಬೇಕೆಂಬ ಕಟ್ಟುನಿಟ್ಟಿಲ್ಲ. ನೌಕರರ ದೇಣಿಗೆಗೆ ಆ ಮಾತೂ ಅನ್ವಯಿಸದು. ಮುಖ್ಯ ಕಚೇರಿ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇದ್ದು, ಸಂಸ್ಥೆಯನ್ನು ಅಲ್ಲಿಯೇ ಆರಿಸಿದರೆ ಬೆಳಗಾವಿಯ ನೌಕರನ ನೂರು ರೂಪಾಯಿ ಅಲ್ಲಿಗೇ ಹೋಗುತ್ತದೆ. ಅದರಲ್ಲಿ ಅಕ್ರಮ ಏನೂ ಇಲ್ಲ, ಆದರೆ ನೌಕರನಿಗೆ ಗೊತ್ತಿರಬೇಕು.

ಕೆಲವು ಕಡೆ ಘಟಕ ಮಟ್ಟದಲ್ಲಿ ನೌಕರರದೇ ಒಂದು ಸಮಿತಿ ಇರುತ್ತದೆ. ಯಂತ್ರಗಳ ಮೇಲೆ ಕೆಲಸ ಮಾಡುವವರಿಂದ ಇಬ್ಬರು, ಆಫೀಸಿನಿಂದ ಒಬ್ಬರು, ಎಚ್‌ಆರ್‌ನಿಂದ ಒಬ್ಬರು. ಅವರಿಗೆ ಊರಿನ ಅಳತೆ ಗೊತ್ತು. ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಪುನರ್ವಸತಿ ಕೇಂದ್ರಕ್ಕೆ ಬಂದ ಮನೆಯವನೇ ಸಮಿತಿಯಲ್ಲಿದ್ದರೆ ಅಲ್ಲಿಯ ಶಾಲೆಗೆ ಕಂಪ್ಯೂಟರಿಗಿಂತ ಕಂಪೌಂಡ್ ಗೋಡೆ ಮೊದಲು ಬೇಕು ಎಂದು ಹೇಳಲು ಸರ್ವೆ ಬೇಕಾಗಿಲ್ಲ. ಅದೇ ಸಮಿತಿಗೆ ಒಂದು ತೊಡಕೂ ಇದೆ: ನಮ್ಮ ಊರು, ನಮ್ಮ ಮಂದಿ, ನಮ್ಮ ಗುಡಿ ಅಂತ ಎಳೆದಾಟ ಶುರುವಾಗಬಹುದು. ಹಾಗಾಗಿ ಯಾವ ಬಗೆಯ ಕೆಲಸಕ್ಕೆ ಕೊಡುವುದು, ಯಾವುದಕ್ಕೆ ಕೊಡುವುದಿಲ್ಲ ಎಂಬುದನ್ನು ರೊಕ್ಕ ಕೂಡುವ ಮೊದಲೇ ಬರೆದಿಡುವುದು ಒಳ್ಳೆಯದು. ಸಮಿತಿಯವರ ಸಂಬಂಧಿಕರು ನಡೆಸುವ ಸಂಸ್ಥೆ ಇದ್ದರೆ ಆ ಸದಸ್ಯರು ಆ ಹೊತ್ತಿಗೆ ಹೊರಗೆ ಕೂರುವ ನಿಯಮವೂ ಇರಬೇಕು.

ಗುತ್ತಿಗೆ ಕಾರ್ಮಿಕರ ಪಗಾರ ಗುತ್ತಿಗೆದಾರರಿಂದ ಬರುವುದರಿಂದ ಅವರು ಬಹಳ ಕಡೆ ಈ ವ್ಯವಸ್ಥೆಯ ಹೊರಗೇ ಇರುತ್ತಾರೆ.

ಒಲ್ಲೆ ಎನ್ನಬಹುದೇ?

ಎನ್ನಬಹುದು. ದೇಣಿಗೆಗೆಂದು ಪಗಾರದಲ್ಲಿ ಹಿಡಿಯಲು ನೌಕರನ ಲಿಖಿತ ಒಪ್ಪಿಗೆ ಬೇಕು. ಕೊಡದಿದ್ದರೆ ಪ್ರಮೋಷನ್ನಿಗೆ, ಇನ್‌ಕ್ರಿಮೆಂಟಿಗೆ ಅಡ್ಡಿಯಾಗಬಾರದು. ಆದರೆ ಕಾಗದದ ಮೇಲಿನ ಸ್ವಾತಂತ್ರ್ಯಕ್ಕೂ ಸೂಪರ್‌ವೈಸರ್ ಎದುರಿಗೆ ನಿಂತು ಫಾರ್ಮ್ ಚಾಚಿದಾಗಿನ ಸ್ವಾತಂತ್ರ್ಯಕ್ಕೂ ಅಂತರ ಇದೆ ಎಂಬುದು ಕೆಲಸ ಮಾಡಿದವರಿಗೆಲ್ಲ ಗೊತ್ತು. 'ನಮ್ಮ ವಿಭಾಗದಲ್ಲಿ ನೂರಕ್ಕೆ ನೂರು' ಎಂದು ನೋಟಿಸ್ ಬೋರ್ಡಿನಲ್ಲಿ ಹಾಕುವುದು ಹುರುಪಿಗೆ ಆದರೂ, ಕೊಡದ ಒಬ್ಬಿಬ್ಬರ ಹೆಸರು ಅಲ್ಲಿ ಬರೆಯದೆಯೇ ಗೊತ್ತಾಗುತ್ತದೆ.

ಒಪ್ಪಿಗೆ ಕೇಳುವ ರೀತಿ ಎರಡು. ಒಪ್ಪಿದವರು ಬರೆದುಕೊಡಿ ಅನ್ನುವುದು ಒಂದು. ಒಪ್ಪದವರು ಬರೆದುಕೊಡಿ, ಉಳಿದವರೆಲ್ಲ ಒಪ್ಪಿದ ಹಾಗೆ ಅನ್ನುವುದು ಇನ್ನೊಂದು. ಸರ್ಕಾರಿ ನೌಕರರಿಗೆ ಎರಡನೆಯದು ಪರಿಚಿತ. 2022ರಲ್ಲಿ ಗೋಶಾಲೆಯ ಜಾನುವಾರುಗಳಿಗಾಗಿ ರಾಜ್ಯ ಸರ್ಕಾರ ತಂದ ಪುಣ್ಯಕೋಟಿ ದತ್ತು ಯೋಜನೆಗೆ ಎ ಗುಂಪಿನವರಿಂದ ₹11,000, ಬಿ ಗುಂಪಿನವರಿಂದ ₹4,000, ಸಿ ಗುಂಪಿನವರಿಂದ ₹400 ಎಂದು ಆದೇಶವಾದಾಗ, ಕೊಡಲು ಇಷ್ಟವಿಲ್ಲದವರು ಲಿಖಿತವಾಗಿ ತಿಳಿಸಬೇಕಿತ್ತು. ಡಿ ಗುಂಪಿಗೆ ವಿನಾಯಿತಿ ಇತ್ತು. ಪ್ರಕೃತಿ ವಿಕೋಪದ ಹೊತ್ತಿನಲ್ಲಿ ಒಂದು ದಿನದ ವೇತನವನ್ನು ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಡುವ ರೂಢಿಯೂ ಇದೆ. ಅಲ್ಲಿ ನೌಕರರ ಸಂಘ ತೀರ್ಮಾನ ಮಾಡುತ್ತದೆ, ಸರ್ಕಾರ ಆದೇಶ ಹೊರಡಿಸುತ್ತದೆ, ಪಗಾರ ಬಿಲ್ಲು ಮಾಡುವ ಡಿಡಿಓ ಕಡಿತ ಮಾಡುತ್ತಾರೆ. ನಿಮ್ಮ ಕಚೇರಿಯಲ್ಲಿ ಯಾವ ರೀತಿ ಎಂದು ಸುತ್ತೋಲೆಯ ಕೊನೆಯ ಪ್ಯಾರಾದಲ್ಲಿ ನೋಡಿ. ಬೇಡ ಅನ್ನುವವರ ಕೊನೆಯ ದಿನಾಂಕ ಸಾಮಾನ್ಯವಾಗಿ ಅಲ್ಲಿರುತ್ತದೆ.

ತೆರಿಗೆ ಉಳಿಯುತ್ತದೆಯೇ?

ಉಳಿಯುತ್ತದೆ ಎಂದು ಫಾರ್ಮಿನಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದರೆ ಸ್ವಲ್ಪ ನಿಧಾನಿಸಿ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಸೆಕ್ಷನ್ ಪ್ರಕಾರ ನೋಂದಾಯಿತ ಸಂಸ್ಥೆಗೆ ಕೊಟ್ಟ ದೇಣಿಗೆಯಲ್ಲಿ ಸಾಮಾನ್ಯವಾಗಿ ಅರ್ಧವನ್ನು ಆದಾಯದಿಂದ ಕಳೆಯಬಹುದು, ಅದಕ್ಕೂ ಒಟ್ಟು ಆದಾಯದ ಶೇ 10ರ ಮಿತಿ ಇದೆ. ಪ್ರಧಾನಿ ಮತ್ತು ಮುಖ್ಯಮಂತ್ರಿ ಪರಿಹಾರ ನಿಧಿಗಳಿಗೆ ಕೊಟ್ಟರೆ ಪೂರ್ತಿ ಕಳೆಯಬಹುದು. ಆದರೆ ಇದು ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ. 2023-24ರಿಂದ, ಹಳೆಯದೇ ಬೇಕೆಂದು ಆರಿಸಿಕೊಳ್ಳದಿದ್ದರೆ, ಹೊಸ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ, ಅದರಲ್ಲಿ 80ಜಿ ಇಲ್ಲ.

ಲೆಕ್ಕ ಹಾಕಿ ನೋಡಿ. ಹಳೆಯ ಪದ್ಧತಿಯಲ್ಲಿ ಶೇ 20ರ ಹಂತದಲ್ಲಿರುವವರು ವರ್ಷಕ್ಕೆ ₹12,000 ಕೊಟ್ಟರೆ ₹6,000 ಆದಾಯದಿಂದ ಕಳೆಯುತ್ತದೆ. ಸೆಸ್ ಸೇರಿ ಉಳಿಯುವ ತೆರಿಗೆ ₹1,248. ಹೊಸ ಪದ್ಧತಿಯವರಿಗೆ ಉಳಿಯುವುದು ಸೊನ್ನೆ. ತಿಂಗಳಿಗೆ ₹28,000 ಪಗಾರದ ಫೌಂಡ್ರಿ ನೌಕರನಿಗಂತೂ ಹೊಸ ಪದ್ಧತಿಯಲ್ಲಿ ತೆರಿಗೆಯೇ ಬರುವುದಿಲ್ಲ, 2025-26ರ ಲೆಕ್ಕದಲ್ಲಿ ಸಂಬಳದಾರರಿಗೆ ₹12.75 ಲಕ್ಷದವರೆಗೆ ತೆರಿಗೆ ಇಲ್ಲ. ತೆರಿಗೆಯ ಆಸೆಗೆ ಕೊಡುವವರು ಯಾರಾದರೂ ಇದ್ದರೆ ಅದು ಮೇಲಿನ ಹುದ್ದೆಯ ಕೆಲವೇ ಮಂದಿ.

ನಗದಾಗಿ ₹2,000ಕ್ಕಿಂತ ಹೆಚ್ಚು ಕೊಟ್ಟರೆ 80ಜಿ ಸಿಗದು. ಬಟ್ಟೆ, ಅಕ್ಕಿ, ನೋಟ್‌ಬುಕ್ ಕೊಟ್ಟರೂ ಸಿಗದು. ಸಂಸ್ಥೆ ದಾನಿಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ತೆರಿಗೆ ಇಲಾಖೆಗೆ ಸಲ್ಲಿಸಿ, ಪ್ರತಿಯೊಬ್ಬ ದಾನಿಗೂ 10ಬಿಇ ಪ್ರಮಾಣಪತ್ರ ಕೊಡಬೇಕು, ಎರಡಕ್ಕೂ ಗಡುವು ಹಣಕಾಸು ವರ್ಷ ಮುಗಿದ ಮೇಲಿನ ಮೇ 31. 2026ರ ಏಪ್ರಿಲ್ 1ರಿಂದ ಲಾಗೂ ಆದ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್‌ಗಳ ಸಂಖ್ಯೆ ಬದಲಾಗಿದೆ, ಆದರೂ ಜನರ ಬಾಯಲ್ಲಿ ಇದು ಇನ್ನೂ ಬಹಳ ದಿನ 80ಜಿ ಆಗಿಯೇ ಉಳಿಯುತ್ತದೆ ಅನ್ನಿಸುತ್ತದೆ.

ಸಂಸ್ಥೆ ಎಂಥದ್ದು ಎಂದು ನೋಡುವುದು

ನೋಂದಣಿ ಇದೆಯೇ ಎಂಬುದು ಮೊದಲ ಮೆಟ್ಟಿಲು. ನಮ್ಮ ಸಂಘಗಳು ಹೆಚ್ಚಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇರುತ್ತವೆ, ಉಳಿದವು ಟ್ರಸ್ಟುಗಳು. ತೆರಿಗೆ ವಿನಾಯಿತಿಯ 12ಎಬಿ, 80ಜಿ ನೋಂದಣಿಗಳನ್ನು ಈಗ ನವೀಕರಿಸುತ್ತಿರಬೇಕಾಗುತ್ತದೆ, ಹಾಗಾಗಿ ಹಳೆಯ ಪ್ರಮಾಣಪತ್ರದ ಝೆರಾಕ್ಸ್ ತೋರಿಸಿದರೆ ಸಾಲದು, ಅವಧಿ ನೋಡಬೇಕು. ನೀತಿ ಆಯೋಗದ 'ಎನ್‌ಜಿಒ ದರ್ಪಣ' ಪೋರ್ಟಲ್‌ನಲ್ಲಿ ಹೆಸರು ಹುಡುಕಬಹುದು. ಕಂಪನಿಯ ಸಿಎಸ್‌ಆರ್ ಹಣವೂ ಆ ಸಂಸ್ಥೆಗೆ ಹೋಗುವುದಿದ್ದರೆ ಅದು 2021ರಿಂದ ಸಿಎಸ್‌ಆರ್-1 ನೋಂದಣಿಯನ್ನೂ ಮಾಡಿಸಿರಬೇಕು.

ಕಾಗದ ಸರಿ ಇದ್ದರೆ ಕೆಲಸವೂ ಸರಿ ಇದೆ ಎಂದಲ್ಲ. ಬೆಂಗಳೂರಿನ ಸಂಸ್ಥೆಯನ್ನು ಹೋಗಿ ನೋಡಲು ಆಗದು, ಹತ್ತು ಕಿಲೊಮೀಟರ್ ದೂರದ್ದನ್ನು ನೋಡಬಹುದು. ಸ್ಥಳೀಯವಾಗಿ ಕೊಡುವುದರ ದೊಡ್ಡ ಅನುಕೂಲವೇ ಅದು. ಒಂದು ಶನಿವಾರ ಮಧ್ಯಾಹ್ನ ಹೇಳದೆ ಕೇಳದೆ ಹೋದರೆ ಮಕ್ಕಳು ಎಷ್ಟು ಮಂದಿ ಇದ್ದಾರೆ, ಅಡುಗೆಮನೆಯಲ್ಲಿ ಒಲೆ ಉರಿಯುತ್ತಿದೆಯೇ, ಹಾಜರಿ ಪುಸ್ತಕದಲ್ಲಿ ನಿನ್ನೆಯ ಸಹಿ ಇದೆಯೇ ಎಂದು ಕಣ್ಣಿಗೇ ಕಾಣುತ್ತದೆ. ಲೆಕ್ಕಪರಿಶೋಧನೆಯ ವರದಿ ಕೇಳಿದರೆ ಒಳ್ಳೆಯ ಸಂಸ್ಥೆಯವರು ಬೇಸರ ಮಾಡಿಕೊಳ್ಳುವುದಿಲ್ಲ, ಎರಡು ಪ್ರತಿ ತೆಗೆದು ಕೊಡುತ್ತಾರೆ.

ನಿಲ್ಲಿಸುವುದು, ಕೆಲಸ ಬಿಡುವುದು

ಮನೆಯಲ್ಲಿ ಮದುವೆ ಬಂತು, ಆಸ್ಪತ್ರೆಯ ಖರ್ಚು ಬಂತು, ನೂರು ರೂಪಾಯಿಯೂ ಭಾರ ಅನ್ನಿಸಿತು ಅನ್ನಿ. ಎಚ್‌ಆರ್‌ಗೆ ಒಂದು ಅರ್ಜಿಯೋ ಇಮೇಲೋ ಕೊಟ್ಟರೆ ಮುಂದಿನ ಪಗಾರದಿಂದ ನಿಲ್ಲಬೇಕು. ಪಗಾರ ಪಟ್ಟಿ ಮಾಡುವ ದಿನಾಂಕ ದಾಟಿದ ಮೇಲೆ ಕೊಟ್ಟರೆ ಇನ್ನೊಂದು ತಿಂಗಳು ಹಿಡಿಯಬಹುದು. ಮೊತ್ತ ಇಳಿಸುವುದಕ್ಕೂ ಇದೇ ದಾರಿ, ನೂರನ್ನು ಐವತ್ತು ಮಾಡಲು ಯಾರೂ ಬೇಡ ಅನ್ನುವಂತಿಲ್ಲ.

ಕೆಲಸ ಬಿಡುವವರು ಒಂದನ್ನು ಮರೆಯುತ್ತಾರೆ. ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟು ಹೋದವರ ಆರು ತಿಂಗಳ ದೇಣಿಗೆಗೆ 10ಬಿಇ ತಯಾರಾಗುವುದು ಮರುವರ್ಷ ಮೇ ಹೊತ್ತಿಗೆ. ಅಷ್ಟರಲ್ಲಿ ಕಂಪನಿ ಕೊಟ್ಟಿದ್ದ ಇಮೇಲ್ ಬಂದ್ ಆಗಿರುತ್ತದೆ. ಆದ್ದರಿಂದ ಲೆಕ್ಕ ಚುಕ್ತಾ ಮಾಡಿಕೊಳ್ಳುವ ದಿನ ಸ್ವಂತ ಇಮೇಲ್ ಮತ್ತು ಮೊಬೈಲ್ ನಂಬರನ್ನು ಎಚ್‌ಆರ್‌ಗೂ ಸಂಸ್ಥೆಗೂ ಕೊಟ್ಟು, ಕೊನೆಯ ಪಗಾರ ಚೀಟಿಯ ಒಂದು ಪ್ರತಿ ಇಟ್ಟುಕೊಳ್ಳಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ರಿಟರ್ನ್ ಸಲ್ಲಿಸುವಾಗ ಕೇಳುವುದು ಆ ಪ್ರಮಾಣಪತ್ರದ ಮೇಲಿನ ಸಂಖ್ಯೆಯನ್ನೇ.